ಚಾರ್ಟಿನಲ್ಲಿ ಬಿಟ್ಟ ಹತ್ತು ದಿನ

ಹೊನ್ನಾವರದಲ್ಲಿ ನಮ್ಮ ಗುತ್ತಿಗೆದಾರರ ಆಫೀಸು ಬಂದರಿಗೆ ಹೋಗುವ ದಾರಿಯಲ್ಲಿ ಒಂದು ಮಾಳಿಗೆಯ ಮೇಲಿತ್ತು. ಕೆಳಗೆ ಒಣಮೀನಿನ ದಾಸ್ತಾನು. ಮೇಲೆ ನಾನು, ಒಂದು ಉದ್ದನೆಯ ಮೇಜು, ಗ್ರಾಫ್ ಹಾಳೆಗಳ ಸುರುಳಿ, ಆರು ಬಣ್ಣದ ಪೆನ್ಸಿಲು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಕಂಪ್ಯೂಟರು ಎಂಬುದೊಂದು ಇದೆಯೆಂದು ಕೇಳಿದ್ದೆವು, ಅದಿನ್ನೂ ನಮ್ಮ ಮಾಳಿಗೆಯ ಮೆಟ್ಟಿಲು ಹತ್ತಿರಲಿಲ್ಲ. ಮನೆಯ ಕೆಲಸ ಹಿಡಿಯಲಿ, ಅಂಗಡಿಯ ಕೆಲಸ ಹಿಡಿಯಲಿ, ಅದರ ಚಾರ್ಟ್ ಬರೆಯುವುದು ನನ್ನ ಪಾಲಿನದು. ಪಾಯಕ್ಕೆ ಕಂದು ಪಟ್ಟಿ, ಚೀರೆಕಲ್ಲಿನ ಗೋಡೆಗೆ ಕೆಂಪು, ಹಲಗೆ ಕಂಬದ ಸೆಂಟ್ರಿಂಗಿಗೆ ಹಸಿರು, ಸ್ಲಾಬಿಗೆ ನೀಲಿ. ಎಡಬದಿಗೆ ಕೆಲಸದ ಹೆಸರು, ಮೇಲ್ಗಡೆ ವಾರಗಳು. ಯಾವುದು ಮುಗಿದ ಮೇಲೆ ಯಾವುದು ಶುರು, ಯಾವುದೊಂದು ಹಿಂದೆ ಬಿದ್ದರೆ ಎಲ್ಲವೂ ಹಿಂದೆ ಬೀಳುತ್ತದೆ ಎಂಬುದು ನೋಡಿದ ಕೂಡಲೇ ಕಾಣಬೇಕು. ಆ ಹಾಳೆಗಳನ್ನು ಬಿಚ್ಚಿದಲ್ಲೆಲ್ಲ ಒಣಮೀನಿನ ವಾಸನೆ ಬರುತ್ತಿತ್ತು. ಗಿರಾಕಿಗಳು ಮೂಗು ಮುಚ್ಚಿಕೊಂಡೇ ತಮ್ಮ ಮನೆಯ ಭವಿಷ್ಯ ನೋಡುತ್ತಿದ್ದರು.

ಈ ವಿದ್ಯೆ ಪಾಲಿಟೆಕ್ನಿಕ್ಕಿನಲ್ಲಿ ಕಲಿತದ್ದೆಂದು ಎಲ್ಲರೂ ತಿಳಿದಿದ್ದರು. ಅಜ್ಜಿಯ ಹತ್ತಿರ ಕಲಿತದ್ದೇ ಹೆಚ್ಚು. ಅವಳು ಜೂನ್ ಮೊದಲಿಗೆ ಹಿಡಿಯುವ ಮಿರ್ಗದ ಮಳೆಯಿಂದ ಹಿಂದಕ್ಕೆ ಎಣಿಸುವವಳು. "ಮಿರ್ಗಕ್ಕೆ ಮುಂಚೆ ಕಟ್ಟಿಗೆ ಒಳಗೆ ಬರ್ಬೇಕು, ಕಟ್ಟಿಗೆ ಬರೂಕೆ ಮುಂಚೆ ಕೊಟ್ಟಿಗೆ ಖಾಲಿ ಆಗ್ಬೇಕು, ಕೊಟ್ಟಿಗೆ ಖಾಲಿ ಆಗೂಕೆ ಮುಂಚೆ ನಿನ್ನ ಅಜ್ಜ ಮಂಚದಿಂದ ಏಳ್ಬೇಕು" ಎನ್ನುತ್ತಿದ್ದಳು. ಮೊದಲ ದಿನದಿಂದ ಮುಂದಕ್ಕೆ ಎಣಿಸುವ ಪದ್ಧತಿ ನಮ್ಮ ಕರಾವಳಿಯಲ್ಲಿ ನಡೆಯುವುದಿಲ್ಲ. ಮಳೆ ಹಿಡಿಯುವ ದಿನ ಒಂದು ಗೋಡೆಯಿದ್ದ ಹಾಗೆ. ಆ ಗೋಡೆಗೆ ಬೆನ್ನು ಕೊಟ್ಟು ಹಿಂದಕ್ಕೆ ನಡೆಯಬೇಕು. ಹಾಗಾಗಿ ನಾನು ಚಾರ್ಟನ್ನು ಬಲ ತುದಿಯಿಂದ ಬರೆಯುತ್ತಿದ್ದೆ. ಗುತ್ತಿಗೆದಾರರು ನಗುತ್ತಿದ್ದರು. "ಭಟ್ಕಳದ ಕೆಲಸ ಬಂತು ಅಂತ ಉರ್ದು ಬರೆದ ಹಾಗೆ ಬರೀತೀಯಲ್ಲ ಮಾರಾಯಾ!"

ಭಟ್ಕಳದ ಕೆಲಸವೆಂದರೆ ಒಂದು ಮನೆ. ಯಜಮಾನರು ದುಬೈಯಲ್ಲಿ ಬಟ್ಟೆ ವ್ಯಾಪಾರ ಮಾಡುವ ನವಾಯತ ಮುಸ್ಲಿಮರು, ಮನೆ ಕಟ್ಟಿಸಲೆಂದು ಊರಿಗೆ ಬಂದು ಉಳಿದವರು. ಮಳೆ ಹಿಡಿಯುವುದರೊಳಗೆ ಸ್ಲಾಬ್ ಆಗಬೇಕು, ಮಳೆಗಾಲದಲ್ಲಿ ಒಳಗಿನ ಕೆಲಸ ಮುಗಿಯಬೇಕು, ಮಳೆ ಬಿಟ್ಟ ಮೇಲೆ ಅದೇ ಮನೆಯಲ್ಲಿ ಮಗಳ ಮದುವೆ. ಚಾರ್ಟ್ ನೋಡಿ ಅವರು ಕೇಳಿದ್ದು ಒಂದೇ ಮಾತು. "ಇಂಜಿನಿಯರ್ ಸಾಬ್, ಈ ನೀಲಿ ಪಟ್ಟಿ ಮಳೆಗೆ ಎಷ್ಟು ದೂರ?"

ಆ ಮನೆಗೆ ಮೇಸ್ತ್ರಿಯಾಗಿ ಬಂದವರು ಕುಮಟೆಯಾಚೆಯ ಹಿರೇಗುತ್ತಿಯವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಗೋಡೆಯ ಮೇಲೆ ಕೈಯಾಡಿಸಿ ಎಷ್ಟು ಓರೆ ಎಂದು ಹೇಳುತ್ತಿದ್ದರು, ತೂಕದಗುಂಡು ಬಿಟ್ಟು ನೋಡಿದರೆ ಅಷ್ಟೇ ಇರುತ್ತಿತ್ತು. ಹದಿನೆಂಟು ಆಳುಗಳ ತಂಡ ಅವರದು. ಸೈಟಿನ ಪಕ್ಕದಲ್ಲೇ ತಗಡಿನ ಶೆಡ್ಡು ಕಟ್ಟಿಕೊಂಡು ಇದ್ದರು, ಶನಿವಾರ ಸಂಜೆ ಬಸ್ಸು ಹತ್ತಿ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುವರು.

ಮೊದಲ ದಿನ ಶೆಡ್ಡಿನ ಗೋಡೆಗೆ ನಾನು ಚಾರ್ಟ್ ಅಂಟಿಸುವಾಗ ಮೇಸ್ತ್ರಿ ಬೀಡಿ ಆರಿಸಿ ಹತ್ತಿರ ಬಂದರು.

"ಇದೆಂತ ಸಾರ್, ಸೀರೆ ಅಂಚು ನೇಯ್ತ್ರ್ಯಾ?"

ನಾನು ಪಟ್ಟಿ ಪಟ್ಟಿಯಾಗಿ ವಿವರಿಸಿದೆ. ಅವರು ಹೆಬ್ಬೆರಳ ಉಗುರಿನಲ್ಲಿ ಒಂದೊಂದನ್ನೂ ಗೀರಿ ಅಳೆದರು.

"ಕಲ್ಲು ಬರೆದ್ರಿ, ಕಬ್ಬಿಣ ಬರೆದ್ರಿ, ಮಳೆನೂ ಬರೆದ್ರಿ. ನಮ್ಮನ್ನೇ ಬರೀಲಿಲ್ಲ."

"ನಿಮ್ಮನ್ನ ಅಂದ್ರೆ ಎಂತ ಮೇಸ್ತ್ರಿ?"

"ಹದಿನೆಂಟು ಜನದಲ್ಲಿ ಹನ್ನೊಂದು ಜನ ನಾವು ಒಂದೇ ಮನೆತನ. ಒಬ್ಬನ ಮನೇಲಿ ಸತ್ರೆ ಹನ್ನೊಂದೂ ಜನಕ್ಕೆ ಸೂತಕ. ಹತ್ತು ದಿನ ಹೊಸಾ ಮನೆ ಕೆಲ್ಸ ಮುಟ್ಟೂಕಿಲ್ಲ. ನಿಮ್ಮ ಚಾರ್ಟಲ್ಲಿ ಯಾರೂ ಸಾಯೂದೇ ಇಲ್ಲ ಅಲ್ದಾ?"

ಹಿಂದಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮೇಸ್ತ್ರಿ ನಗಲಿಲ್ಲ.

"ನನ್ನ ಹೆತ್ತ ಅವ್ವಿಗೆ ಈಗ ಎಂಬತ್ತು ಆತು. ದೀಪಾವಳಿಂದ ಚಾಪೆ ಬಿಟ್ಟು ಎದ್ದದ್ದಿಲ್ಲ. ಒಂದು ಹತ್ತು ದಿನ ಜಾಗ ಬಿಡಿ. ಬಣ್ಣ ಹಚ್ಚೂದು ಬೇಡ, ಹಾಂಗೇ ಬಿಡಿ."

ಗೋಡೆಗೂ ಸ್ಲಾಬಿಗೂ ನಡುವೆ ನಾನು ಹತ್ತು ದಿನ ಬಿಟ್ಟೆ. ಬಣ್ಣ ತುಂಬಲಿಲ್ಲ, ಪೆನ್ಸಿಲಿನಲ್ಲಿ ಬರೀ ಎರಡು ಗೆರೆ. ಎದುರಿಗೆ ಏನು ಬರೆಯಬೇಕೆಂದು ತಿಳಿಯದೆ 'ಇತರೆ' ಎಂದು ಬರೆದೆ. ತಂಡದವರು ಅದನ್ನು ಅವ್ವಿಯ ಜಾಗ ಎಂದೇ ಕರೆಯತೊಡಗಿದರು. ಬುತ್ತಿ ಉಣ್ಣುತ್ತ, "ಇನ್ನೂ ಮೂರು ವಾರಕ್ಕೆ ಅವ್ವಿ ಜಾಗ" ಎಂದು ದಾರಿಯಲ್ಲಿ ಬರುವ ಊರಿನ ಹೆಸರು ಹೇಳಿದ ಹಾಗೆ ಹೇಳುವರು.

ಸೂತಕದ ಇನ್ನೊಂದು ಲೆಕ್ಕವೂ ನನಗೆ ಗೊತ್ತಾದದ್ದು ಅಲ್ಲೇ. ಆ ಚಳಿಗಾಲದಲ್ಲಿ ಅವರ ಮನೆತನದ ಹಿರಿಯರೊಬ್ಬರು ಮುಂಬೈಯಲ್ಲಿ ತೀರಿಹೋದರು. ಪತ್ರ ಬರುವುದಕ್ಕೆ ಐದು ದಿನ ಹಿಡಿಯಿತು. ಆ ಐದು ದಿನವೂ ಹನ್ನೊಂದು ಜನ ಗೋಡೆ ಕಟ್ಟಿದ್ದರು. ಪತ್ರ ಓದಿಸಿಕೊಂಡ ಮೇಲೆ ಕರಣೆ ಕೆಳಗಿಟ್ಟು ಬಸ್ಸು ಹತ್ತಿದರು. ಕಟ್ಟಿದ ಗೋಡೆಗೆ ದೋಷವಿಲ್ಲವೇ ಎಂದು ನಾನು ಕೇಳಿದಾಗ ಮೇಸ್ತ್ರಿ ಹೇಳಿದ್ದು, "ಕಿವಿಗೆ ಬೀಳೂಕೆ ಮುಂಚೆ ಸೂತಕ ಇಲ್ಲ ಸಾರ್. ಕೇಳಿದ ಮೇಲೇ ಶುರು." ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಲೆಕ್ಕಕ್ಕೆ ಅನುಕೂಲವಾದ ಮಾತು ಬೇಗ ತಲೆಗೆ ಹತ್ತುತ್ತದೆ.

ಆ ಸಲದ ಸೂತಕದಲ್ಲಿ ಕಳೆದ ದಿನಗಳನ್ನು ಹೇಗೋ ಹೊಂದಿಸಿದೆ. ಆಮೇಲೆ ಚೀರೆಕಲ್ಲಿನ ಲಾರಿಗಳು ಎಂಟು ದಿನ ಬರಲಿಲ್ಲ. ಮರಳಿಗೆ ನಾವು ಹೊಯ್ಗೆ ಎನ್ನುತ್ತೇವೆ, ಅದೂ ಸಿಗಲಿಲ್ಲ. ಕಬ್ಬಿಣ ಬಂತು, ಕಟ್ಟುವ ತಂತಿ ಬರಲಿಲ್ಲ. ಪ್ರತಿ ಸಲವೂ ನಾನು ರಬ್ಬರು ತೆಗೆದುಕೊಂಡು ಒಂದೊಂದು ಪಟ್ಟಿಯನ್ನು ಬಲಕ್ಕೆ ಸರಿಸಿದೆ. ಮಳೆ ಇದ್ದಲ್ಲೇ ಇತ್ತು. ಸರಿಸಲು ಇದ್ದ ಖಾಲಿ ಜಾಗವೆಂದರೆ ಆ ಹತ್ತು ದಿನ ಮಾತ್ರ. ಮೇ ತಿಂಗಳು ಬರುವ ಹೊತ್ತಿಗೆ ಹಸಿರು ಪಟ್ಟಿ ನೀಲಿ ಪಟ್ಟಿಗೆ ತಾಗಿತ್ತು, ನೀಲಿ ಪಟ್ಟಿ ಮಳೆಗೆ ತಾಗಿತ್ತು.

ಒಂದು ಸೋಮವಾರ ಮೇಸ್ತ್ರಿ ಚಾರ್ಟಿನ ಮುಂದೆ ನಿಂತು ಉಗುರಿನಲ್ಲಿ ಹುಡುಕಿದರು.

"ಸಾರ್, ಅವ್ವಿ ಜಾಗ ಎಲ್ಹೋತು?"

"ಚೀರೆಕಲ್ಲು ತಿಂದುಹಾಕ್ತು ಮೇಸ್ತ್ರಿ."

"ಹಾಂಗಾದ್ರೆ ಅವ್ವಿಗೆ ಹೇಳ್ಬೇಕಾತಲ, ಇನ್ನ ಸ್ವಲ್ಪ ದಿನ ತಡ್ಕಾ ಅಂತ." ಬೀಡಿ ಹಚ್ಚಿ ಹೊರಗೆ ಹೋದರು.

ಮಿಕ್ಸರ್ ಮಿಶನ್ ಗೊತ್ತು ಮಾಡಲು ನಾನು ಕುಮಟೆಗೆ ಹೋಗಬೇಕಿತ್ತು. ಮೇ ತಿಂಗಳಲ್ಲಿ ಮೂರು ತಾಲೂಕಿನವರಿಗೂ ಅದೇ ವಾರ ಸ್ಲಾಬ್ ಹಾಕಬೇಕು, ಮಿಶನ್ ಇರುವುದು ಬೆರಳೆಣಿಕೆಯಷ್ಟು. ಅಂತೂ ಬರುವ ಗುರುವಾರ ಒಂದು ದಿನಕ್ಕೆ ಸಿಕ್ಕಿತು. ಅಂದು ಭಾನುವಾರ. ಕುಮಟೆಯಿಂದ ಹಿರೇಗುತ್ತಿ ಮುಂದಿನ ದಾರಿಯೇ ಆದ್ದರಿಂದ ಮೇಸ್ತ್ರಿಯ ಮನೆಗೂ ಹೋಗಿ ದಿನ ತಿಳಿಸಿ ಬರೋಣವೆಂದು ಹೋದೆ.

ಅವರ ತಾಯಿ ಜಗಲಿಯ ಮೇಲೆ ಚಾಪೆಯಲ್ಲಿ ಮಲಗಿದ್ದರು. ಮೈ ಒಣಗಿ ಚಾಪೆಯ ಮೇಲೆ ಬರೀ ಸೀರೆ ಹಾಸಿದ ಹಾಗೆ ಕಾಣುತ್ತಿತ್ತು. ಕಣ್ಣು ಮಾತ್ರ ಚುರುಕು.

"ಯಾರಾ ಅದು?"

"ನಮ್ಮ ಚಾರ್ಟಿನ ಸಾರು ಅವ್ವೀ," ಎಂದರು ಮೇಸ್ತ್ರಿ.

"ಓಹೋ, ನಾ ಸಾಯೂಕೆ ದಿನ ಬರೆದಿಟ್ಟವ ನೀನೇ ಏನಾ ತಮಾ?"

 "ಹಾಂಗೆಲ್ಲ ಇಲ್ಲ ಅಜ್ಜೀ..." ಎಂದು ತೊದಲಿದೆ.

"ನಾಚ್ಕೆ ಎಂತಕೆ? ಯಾವ ವಾರ ಅಂತ ನಂಗೂ ಹೇಳು. ಪೆಟ್ಟಿಗೇಲಿ ಒಂದು ಹೊಸಾ ಸೀರೆ ಅದೆ, ಉಟ್ಕಂಡು ತಯಾರಾಗಿ ಕೂತ್ಕಂತೆ."

ಒಳಗಿನಿಂದ ಸೊಸೆ, "ಅವ್ವೀ, ಬಂದವ್ರ ಹತ್ರ ಎಂತ ಮಾತು ಅದು!" ಎಂದು ಗದರಿದಳು. ಅಜ್ಜಿ ಸದ್ದಿಲ್ಲದೆ ನಕ್ಕರು. ಆಮೇಲೆ ಬೆರಳು ಮಡಿಸಿ ನನ್ನನ್ನು ಹತ್ತಿರ ಕರೆದರು.

"ಆ ಸಾಯ್ಬರ ಮನೆ ಸ್ಲಾಬು ಯಾವತ್ತು?"

"ಬರೋ ಗುರುವಾರ ಅಜ್ಜೀ."

"ಆತು. ಅಲ್ಲೀವರಿಗೆ ಇರ್ತೆ. ಅದಾದ ಮೇಲೆ ಇವ್ನ ಕಳ್ಸಿಕೊಡು. ಕಡೀಗೆ ಇವ್ನ ಕೈಯಿಂದ ಒಂದು ಗುಟುಕು ನೀರು ಬಾಯಿಗೆ ಬೀಳ್ಬೇಕು ನಂಗೆ. ಜೀವ ಇರ್ಲಿ, ಹೋಗಿರ್ಲಿ, ನೀರು ಇವ್ನ ಕೈದೇ ಆಗ್ಬೇಕು. ಹಿರೀ ಮಗ ಅಲ್ದಾ?"

"ಕಳಿಸ್ತೇನೆ ಅಜ್ಜೀ" ಎಂದೆ. ಬೆಳಚು ಎಂಬ ಚಿಪ್ಪುಮೀನಿನ ಸಾರಿನ ಊಟ ಹಾಕಿದರು. ಉಂಡು ಬಸ್ಸು ಹತ್ತಿದೆ.

ಗುರುವಾರ ಬೆಳಿಗ್ಗೆ ಆರೂವರೆಗೆ ಮಿಕ್ಸರಿಗೆ ತೆಂಗಿನಕಾಯಿ ಒಡೆದು ಕೆಲಸ ಶುರುಮಾಡಿದೆವು. ಗಾಳಿಮರದ ಕಂಬಗಳ ಮೇಲೆ ನಿಂತ ಹಲಗೆ, ಅದರ ಮೇಲೆ ಕಬ್ಬಿಣದ ಬಲೆ. ಓರೆ ಏಣಿಯ ಮೇಲೆ ಸಾಲಾಗಿ ನಿಂತು ಬಾಂಡ್ಲಿ ಕೈಯಿಂದ ಕೈಗೆ ದಾಟಿಸುವರು. ಮೇಸ್ತ್ರಿ ಮೇಲೆ ಮೊಣಕಾಲೂರಿ ಹಲಗೆಯಿಂದ ಕಾಂಕ್ರೀಟು ಎಳೆದು ಮಟ್ಟ ಮಾಡುವರು. ಸ್ಲಾಬು ಹಾಕಲು ತೊಡಗಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ಅರ್ಧಕ್ಕೆ ಬಿಟ್ಟು ಮರುದಿನ ಸೇರಿಸಿದರೆ ಆ ಸೇರುವ ಗೆರೆಯಲ್ಲಿ ನಮ್ಮ ಮಳೆ ಒಳಗಿಳಿಯದೆ ಬಿಡುವುದಿಲ್ಲ.

ಒಂಬತ್ತೂವರೆ ಇರಬೇಕು. ಐದರಲ್ಲಿ ಎರಡು ಪಾಲು ಆಗಿತ್ತು. ರಸ್ತೆಯಾಚೆಯ ಎಸ್‌ಟಿಡಿ ಬೂತಿನವರು ಬಂದು ನನ್ನನ್ನು ಹೊಯ್ಗೆಯ ರಾಶಿಯ ಹಿಂದೆ ಕರೆದರು. ತಂಡದವರ ಮನೆಗಳಿಂದ ಏನೇ ಫೋನು ಬಂದರೂ ಅಲ್ಲಿಗೇ ಬರುವುದು.

"ಹಿರೇಗುತ್ತಿಯಿಂದ ಫೋನ್ ಮಾರಾಯ್ರೆ. ಮೇಸ್ತ್ರಿ ತಾಯಿ ಹೋದ್ರಂತೆ, ಬೆಳಿಗ್ಗೆ ಎಂಟಕ್ಕೆ. ಕೂಡ್ಲೇ ಕಳ್ಸಿ ಅಂದ್ರು. ನೀವು ಹೇಳ್ತೀರಾ, ನಾನೇ ಹೇಳ್ಲಾ?"

"ನಾನೇ ಹೇಳ್ತೇನೆ."

"ಪಾಪ, ಹೇಳಿಬಿಡಿ ಬೇಗ. ಅವ್ರು ತಿರುಗಿ ಫೋನ್ ಮಾಡಿದ್ರೆ ಸುದ್ದಿ ಮುಟ್ಟಿಸಿದ್ದೇನೆ ಅಂತೇನೆ."

"ಆತು" ಎಂದೆ.

ಓರೆ ಏಣಿ ಹತ್ತಿದೆ. ಆ ಕ್ಷಣ ಏನಾಯಿತೆಂದು ಬಹಳ ಸಲ ನೆನಪು ಮಾಡಿಕೊಂಡಿದ್ದೇನೆ. ಹೇಳುವಂಥದ್ದು ಏನೂ ಆಗಲಿಲ್ಲ. ದುಃಖವಾಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಕಾಲು ಏಣಿಯ ಮೇಲಿತ್ತು, ಮೈಯೆಲ್ಲ ಹಲಗೆಯ ಹಾಗೆ ಆಗಿತ್ತು. ಮೇಸ್ತ್ರಿ ತಲೆಯೆತ್ತಿದರು.

"ಎಂತ ಸಾರ್?"

"ಎಂತಿಲ್ಲ. ಆ ಬೀಮಿನ ಹತ್ರ ಸ್ವಲ್ಪ ಸಮಾ ಕುತ್ತಿ."

ಅವರು ಬೀಮಿನ ಹತ್ತಿರ ಸರಳು ಹಾಕಿ ಕುತ್ತತೊಡಗಿದರು.

ನನ್ನ ತಲೆಯಲ್ಲಿ ಒಂದು ಚಾರ್ಟ್ ತಾನಾಗಿಯೇ ಬರೆದುಕೊಳ್ಳುತ್ತಿತ್ತು. ಒಬ್ಬರಿಗೆ ಹೇಳಿದರೆ ಹನ್ನೊಂದು ಜನಕ್ಕೆ ಹೇಳಿದ ಹಾಗೆ. ಹನ್ನೊಂದು ಜನ ಕೈಬಿಟ್ಟರೆ ಉಳಿದ ಏಳು ಜನದಿಂದ ಸ್ಲಾಬು ಆಗುವುದಿಲ್ಲ. ಹತ್ತು ದಿನ ಕಳೆದರೆ ಮಳೆ. ಹೇಳದಿದ್ದರೆ ಸೂತಕವಿಲ್ಲ, ಕಿವಿಗೆ ಬಿದ್ದ ಮೇಲೇ ಶುರು. ಎರಡು ಗಂಟೆಗೆ ಸ್ಲಾಬು ಮುಗಿಯುತ್ತದೆ. ಎರಡೂಕಾಲಿಗೆ ಟೆಂಪೋ. ಮುರ್ಡೇಶ್ವರ, ಹೊನ್ನಾವರ, ಕುಮಟೆ. ನಾಲ್ಕೂವರೆಗೆ ಹಿರೇಗುತ್ತಿ. ಹಿರಿಯ ಮಗ ಬರುವ ತನಕ ಕಾಯುತ್ತಾರೆ. ಎಲ್ಲವೂ ಒಂದರ ಪಕ್ಕ ಒಂದು ಸರಿಯಾಗಿ ಕೂತಿತು. ಯಾವ ಪಟ್ಟಿಯೂ ಇನ್ನೊಂದಕ್ಕೆ ತಾಗಲಿಲ್ಲ. ಹೋಗಿ ಟೆಂಪೋ ಗೊತ್ತು ಮಾಡಿ ಬಂದೆ.

ಹನ್ನೊಂದೂವರೆಗೆ ಮಿಕ್ಸರಿನ ಬೆಲ್ಟು ಹರಿಯಿತು. ಹೊಸದು ತಂದು ಹಾಕಲು ಮುಕ್ಕಾಲು ಗಂಟೆ. ಅದೇ ಹೊತ್ತಿನಲ್ಲಿ ಊಟ ಮುಗಿಸಿಬಿಡಿ ಎಂದು ಯಜಮಾನರು ಹೋಟೆಲಿನಿಂದ ಊಟ ತರಿಸಿದ್ದರು. ಸ್ಲಾಬಿನ ದಿನವೆಂದು ಶಾವಿಗೆ ಪಾಯಸವೂ ಇತ್ತು. ಮಾವಿನ ಮರದ ಕೆಳಗೆ ಹದಿನೆಂಟು ಜನ ಸಾಲಾಗಿ ಕೂತರು. ಯಜಮಾನರು ತಾವೇ ಕೈಯಾರೆ ಪಾಯಸ ಬಡಿಸಿದರು.

"ಮೇಸ್ತ್ರಿ, ಇನ್ನೊಂದು ಸೌಟು? ಮಗಳ ಮದುವೆ ಊಟಕ್ಕೆ ಇದು ಅಡ್ವಾನ್ಸ್!"

"ಹಾಕಿ ಸಾಯ್ಬರೆ. ಅಡ್ವಾನ್ಸ್ ಬೇಡ ಅಂದವ ಮೇಸ್ತ್ರಿ ಅಲ್ಲ."

ಎಲ್ಲರೂ ನಕ್ಕರು. ಮೇಸ್ತ್ರಿ ಎರಡು ಸಲ ಹಾಕಿಸಿಕೊಂಡು, ಎಲೆಯ ಮೇಲೆ ಬೆರಳು ಓಡಿಸಿ ಪಾಯಸ ತಿಂದರು. ನಾನು ಅವರ ಎದುರಿಗೇ ಕೂತಿದ್ದೆ. ನನ್ನ ಎಲೆಯನ್ನೂ ಖಾಲಿ ಮಾಡಿದೆ. ರುಚಿ ಏನಿತ್ತೋ ತಿಳಿಯಲಿಲ್ಲ.

ಊಟವಾಗಿ ಸ್ವಲ್ಪ ಹೊತ್ತಿಗೆ ಮೋಡ ಕವಿದು ಒಂದು ಸಣ್ಣ ಮಳೆ ಬಂತು. ತಾಡಪತ್ರಿ ಹೊದಿಸಿ ಕಾದೆವು. ಕೊನೆಯ ಬಾಂಡ್ಲಿ ಮೇಲೆ ಹೋಗುವಾಗ ಗಂಟೆ ಮೂರೂಮುಕ್ಕಾಲು.

ಮೇಸ್ತ್ರಿ ಡ್ರಮ್ಮಿನ ಹತ್ತಿರ ಕರಣೆ ತೊಳೆಯುತ್ತಿದ್ದರು. ನಾನು ಹೋಗಿ ನಿಂತೆ.

"ಮೇಸ್ತ್ರಿ, ಹಿರೇಗುತ್ತಿಯಿಂದ ಫೋನ್ ಬಂದಿತ್ತು."

ಅವರ ಕೈ ನೀರೊಳಗೇ ನಿಂತಿತು.

"ಅವ್ವಿಯಾ?"

"ಹೂಂ."

"ಯಾವಾಗ ಬಂತು ಸುದ್ದಿ?"

"ಈಗಷ್ಟೇ" ಎಂದೆ.

ಅವರು ಕರಣೆಯನ್ನು ಮೆಲ್ಲಗೆ ನೆಲದ ಮೇಲಿಟ್ಟರು. ಅದನ್ನು ನೋಡಿ ಒಬ್ಬೊಬ್ಬರಾಗಿ ಉಳಿದ ಹತ್ತು ಜನವೂ ಕೈಯಲ್ಲಿದ್ದುದನ್ನು ಕೆಳಗಿಟ್ಟರು.  ಬಾಂಡ್ಲಿಗಳು ನೆಲಕ್ಕೆ ತಾಗಿದ ಸದ್ದು ಮಾತ್ರ ಕೇಳಿತು. ಟೆಂಪೋ ಗೇಟಿನ ಹತ್ತಿರ ನಿಂತಿತ್ತು. ಈಗಷ್ಟೇ ಬಂದ ಸುದ್ದಿಗೆ ಟೆಂಪೋ ಇಷ್ಟು ಬೇಗ ಎಲ್ಲಿಂದ ಬಂತೆಂದು ಅವರಲ್ಲಿ ಯಾರಾದರೂ ಯೋಚಿಸಿರಬಹುದು. ಹತ್ತಿ ಕೂತರು. ನಾನೂ ಹತ್ತಿದೆ.

ದಾರಿಯುದ್ದಕ್ಕೂ ಮೇಸ್ತ್ರಿ ಮುಂದಿನ ಸೀಟಿನಲ್ಲಿ, ಒಣಗಿದ ಸಿಮೆಂಟಿನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಶರಾವತಿ ಸೇತುವೆ ದಾಟುವಾಗ ಒಂದೇ ಮಾತಾಡಿದರು. "ಸ್ಲಾಬು ಆಗೂವರಿಗೆ ಇರ್ತೆ ಅಂದಿತ್ತು ಅವ್ವಿ. ಹೇಳ್ದ ಹಾಂಗೇ ಇತ್ತಲ ಸಾರ್." ನಾನು ಹೂಂ ಎಂದೆ. ಕುಮಟೆಯಲ್ಲಿ ಟೆಂಪೋದವನು ಡೀಸೆಲ್ ಹಾಕಿಸಿದ. ದೀವಗಿ ದಾಟಿ, ಅಘನಾಶಿನಿ ದಾಟಿ, ಹಿರೇಗುತ್ತಿಗೆ ಬರುವಾಗ ಆರು ಗಂಟೆ ಮೀರಿತ್ತು. ಬಿಸಿಲಿನ್ನೂ ಇತ್ತು.

ಅಂಗಳದಲ್ಲಿ ಚಟ್ಟ ಇರಲಿಲ್ಲ. ಜಗಲಿಯ ಮೇಲೆ ಚಾಪೆಯೂ ಇರಲಿಲ್ಲ. ಗಂಡಸರು ಮಿಂದು ಒದ್ದೆ ಪಂಚೆಯಲ್ಲಿ ಕೂತಿದ್ದರು. ಮೇಸ್ತ್ರಿಯ ತಮ್ಮ ತಲೆ ತಗ್ಗಿಸಿಕೊಂಡು ಕಂಬಕ್ಕೆ ಒರಗಿದ್ದ. ಹಿನ್ನೀರಿನ ದಂಡೆಯ ಕಡೆ ಸಪೂರ ಹೊಗೆ ಏಳುತ್ತಿತ್ತು.

ಮೇಸ್ತ್ರಿಯ ಚಿಕ್ಕಪ್ಪ, ಮನೆತನದ ಹಿರಿಯರು, ಎದ್ದು ಬಂದರು.

"ನಾಲ್ಕು ಗಂಟೆವರಿಗೆ ಕಾದೆವು. ಈ ಸೆಕೇಲಿ ಇನ್ನೆಷ್ಟು ಹೊತ್ತು ಇಡೂದು? ತಮ್ಮನೇ ಬಾಯಿಗೆ ನೀರು ಬಿಟ್ಟ, ಅವ್ನೇ ಬೆಂಕಿ ಕೊಟ್ಟ."

ಮೇಸ್ತ್ರಿ ಜಗಲಿಯ ಕಡೆ ನೋಡಿದರು. ಚಿಕ್ಕಪ್ಪ ಬಿಡಲಿಲ್ಲ.

"ಹತ್ತು ಗಂಟೆಗೇ ಸುದ್ದಿ ಮುಟ್ಟಿಸಿದ್ದೆ ಅಂದ್ರು ಬೂತಿನವ್ರು. ಬಸ್ಸಿಗೆ ಬಂದ್ರೂ ನೀನು ಒಂದು ಗಂಟೆಗೆ ಬತ್ತಿದ್ದೆ. ತಾಯಿ ಹೋಯ್ತು ಅಂದ್ರೂ ಸಾಯ್ಬರ ಸ್ಲಾಬು ಮುಗ್ಸೇ ಬಂದ್ಯೇನಾ?"

ಅಂಗಳದಲ್ಲಿ ಅಷ್ಟು ಜನ. ಟೆಂಪೋದಿಂದ ಇಳಿದ ಹತ್ತು ಜನ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಕಡೆ ಯಾರು ನೋಡಿದರೋ ಗೊತ್ತಿಲ್ಲ, ನಾನು ನೆಲ ನೋಡುತ್ತಿದ್ದೆ. ಬಾಯಿ ತೆರೆದರೆ ಮುಗಿಯುತ್ತಿತ್ತು. ನಾನು ತೆರೆಯಲಿಲ್ಲ.

"ಹೌದು," ಎಂದರು ಮೇಸ್ತ್ರಿ. "ನಡುವೆ ಬಿಡೂಕೆ ಆಗ್ಲಿಲ್ಲ."

ಚಿಕ್ಕಪ್ಪ ಬೆನ್ನು ತಿರುಗಿಸಿದರು. "ಒಳ್ಳೇದಾತು" ಎಂದು ಒಳಗೆ ಹೋದರು. ಮೇಸ್ತ್ರಿ ಒಂದು ಚೊಂಬು ನೀರು ತೆಗೆದುಕೊಂಡು ದಂಡೆಯ ಕಡೆ ನಡೆದರು. ಉರಿಯುವ ಚಿತೆಗೆ ನೀರು ಬಿಡುವ ಪದ್ಧತಿ ಇಲ್ಲ. ಆ ಚೊಂಬನ್ನು ಅವರು ಏನು ಮಾಡಿದರೋ ನಾನು ನೋಡಲಿಲ್ಲ. ಟೆಂಪೋ ಹತ್ತಿ ಹೊನ್ನಾವರಕ್ಕೆ ಬಂದುಬಿಟ್ಟೆ.

ಹೊಸ ಸ್ಲಾಬಿಗೆ ದಿನವೂ ನೀರು ನಿಲ್ಲಿಸಬೇಕು. ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ಮಡಿಗಳನ್ನು ಮಾಡಿ, ಗದ್ದೆಗೆ ಬಿಟ್ಟ ಹಾಗೆ ನೀರು ಬಿಡಬೇಕು. ಹನ್ನೊಂದು ಜನ ಸೂತಕದಲ್ಲಿದ್ದರು, ಉಳಿದ ಏಳು ಜನವನ್ನು ಗುತ್ತಿಗೆದಾರರು ಬೇರೆ ಕೆಲಸಕ್ಕೆ ಕಳಿಸಿದ್ದರು. ಹಾಗಾಗಿ ನೀರು ಹಾಕುವ ಕೆಲಸ ನಾನೇ ಮಾಡಿದೆ. ಬೆಳಿಗ್ಗೆ ಹೊನ್ನಾವರದಿಂದ ಬಸ್ಸು ಹತ್ತಿ ಭಟ್ಕಳಕ್ಕೆ ಬರುವುದು, ಬಾವಿಯಿಂದ ಪೈಪು ಎಳೆದು ಮಡಿ ತುಂಬಿಸುವುದು, ಸಂಜೆ ಇನ್ನೊಮ್ಮೆ ತುಂಬಿಸಿ ಹೋಗುವುದು. ಒಂದನೇ ದಿನ, ಎರಡನೇ ದಿನ, ಮೂರನೇ ದಿನ. ಬಿಸಿಲಿಗೆ ನೀರು ಇಂಗುತ್ತಿತ್ತು, ನಾನು ತುಂಬಿಸುತ್ತಿದ್ದೆ. ಬೇರೆ ಯೋಚನೆ ಬರುತ್ತಿರಲಿಲ್ಲ. ಬೂತಿನವರು ರಸ್ತೆಯಾಚೆಯಿಂದ ನೋಡುತ್ತಿದ್ದರು. ಮೊದಲು ಕೈಯೆತ್ತಿ ಮಾತಾಡಿಸುತ್ತಿದ್ದವರು ಈಗ ಎತ್ತುತ್ತಿರಲಿಲ್ಲ.

ಐದನೇ ದಿನವೋ ಆರನೇ ದಿನವೋ ಯಜಮಾನರು ಮೇಲೆ ಹತ್ತಿ ಬಂದರು. ಊರೊಳಗೆ ಸುದ್ದಿ ಹರಡಿತ್ತು.

"ಇಂಜಿನಿಯರ್ ಸಾಬ್, ಬೆಳಿಗ್ಗೆಯೇ ಗೊತ್ತಿತ್ತಂತೆ ನಿಮಗೆ?"

"ಗೊತ್ತಿತ್ತು."

"ನನಗೆ ಒಂದು ಮಾತು ಹೇಳ್ಬಾರ್ದಾ? ಬೀದಿಯಲ್ಲಿ ಮಯ್ಯತ್ ಹೊತ್ತುಕೊಂಡು ಹೋದ್ರೆ ನಾವು ಅಂಗಡಿ ಶಟರ್ ಇಳಿಸೋ ಜನ. ಸ್ಲಾಬ್ ಏನು, ಒಡೆದು ಇನ್ನೊಮ್ಮೆ ಹಾಕಿದ್ರಾಯ್ತು." ನೀರಿನ ಮಡಿ ನೋಡುತ್ತ ನಿಂತರು. "ಆ ಮನುಷ್ಯನಿಗೆ ನನ್ನ ಕೈಯಿಂದ ಪಾಯಸ ಬಡಿಸೋ ಹಾಗೆ ಮಾಡಿದ್ರಿ ನೀವು."

ನಾನು ಪೈಪನ್ನು ಮುಂದಿನ ಮಡಿಗೆ ಎಳೆದೆ.

ಹನ್ನೆರಡನೇ ದಿನದ ಊಟ ಮುಗಿಸಿ ತಂಡ ವಾಪಸು ಬಂತು. ಮೇಸ್ತ್ರಿ ತಲೆ ಬೋಳಿಸಿದ್ದರು. ಜೊತೆಗೆ ತಮ್ಮ ಹಿರಿಯ ಮಗನನ್ನೂ ಕರೆತಂದಿದ್ದರು, ಮದುವೆಯಾಗಿ ಒಂದು ಮಗುವಿನ ತಂದೆಯಾದವನು, ಕಾರವಾರದಲ್ಲಿ ಗಾರೆ ಕೆಲಸ ಮಾಡಿಕೊಂಡಿದ್ದವನು. ಚಾರ್ಟಿನಲ್ಲಿ ಬರೆದ ದಿನವೇ ಸೆಂಟ್ರಿಂಗ್ ಬಿಚ್ಚಿದೆವು. ಮೇಸ್ತ್ರಿ ನಡುವಿನ ಕಂಬದಿಂದ ತೊಡಗಿ, ಒಂದೊಂದಕ್ಕೇ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಸಡಿಲ ಮಾಡಿ ಗೋಡೆಯ ಕಡೆಗೆ ಬಂದರು. ಹಲಗೆ ಕಳಚಿಕೊಂಡಾಗ ಸ್ಲಾಬಿನ ಅಡಿ ಕನ್ನಡಿಯ ಹಾಗೆ ಇತ್ತು. ಒಂದು ಗೆರೆ ಇರಲಿಲ್ಲ. ಅವರು ಅಂಗೈಯಿಂದ ತಡವಿ ನೋಡಿದರು.

ಮಧ್ಯಾಹ್ನ ನಾನೂ ಮೇಸ್ತ್ರಿಯೂ ಅದರ ನೆರಳಿನಲ್ಲೇ ಕೂತಿದ್ದೆವು. ಉಳಿದವರು ಕಂಬ ಪೇರಿಸುತ್ತಿದ್ದರು.

"ಬೂತಿನವ್ರು ಹೇಳಿದ್ರು ಸಾರ್," ಎಂದರು.

"ಹೂಂ."

"ಒಂಬತ್ತೂವರೆ."

"ಹೂಂ."

ಬೀಡಿ ತೆಗೆದರು, ಹಚ್ಚಲಿಲ್ಲ, ಕಿವಿಗೆ ಸಿಕ್ಕಿಸಿಕೊಂಡರು.

"ಪಾಯಸ ತಿಂದೆ ನಾ ಅವತ್ತು. ಎರಡು ಸಲ."

 ತಪ್ಪಾಯಿತು ಎಂಬ ಮಾತು ಬಾಯಿಯ ತನಕ ಬಂದದ್ದೂ ನೆನಪಿಲ್ಲ.

ಮೇಸ್ತ್ರಿಯೇ ಮುಂದೆ ಹೇಳಿದರು. "ಇನ್ನ ಮುಂದಿನ ಚಾರ್ಟಲ್ಲೂ ಆ ಹತ್ತು ದಿನ ಬಿಡಿ. ಅವ್ವಿ ಜಾಗಕ್ಕೆ ಇನ್ನ ನನ್ನ ಹಾಕ್ಕಣಿ. ನನ್ನ ಮಗ ನಿಮ್ಮಲ್ಲೇ ಕೆಲ್ಸಕ್ಕೆ ಇರ್ತಾನೆ. ಫೋನು ಬಂದ್ರೆ ಅವ್ನಿಗೆ ಆಗ್ಲೇ ಹೇಳಿ. ಬಾಂಡ್ಲಿ ಕೈಯಲ್ಲಿದ್ರೂ ಹೇಳಿ."

"ಆತು ಮೇಸ್ತ್ರಿ" ಎಂದೆ.

ಅವರು ನಮ್ಮೊಡನೆ ಇನ್ನೂ ನಾಲ್ಕೈದು ಮಳೆಗಾಲ ಕೆಲಸ ಮಾಡಿದರು. ಆ ಮಾತು ಮತ್ತೆ ಎತ್ತಲಿಲ್ಲ. ಊರಲ್ಲಿ, ತಾಯಿಗಿಂತ ಸ್ಲಾಬು ದೊಡ್ಡದು ಮಾಡಿದವನೆಂಬ ಹೆಸರು ಅವರಿಗೇ ಉಳಿಯಿತು. ನಾನು ಹೋಗಿ ಬಿಡಿಸಿ ಹೇಳಲಿಲ್ಲ. ಹಿರೇಗುತ್ತಿಯ ಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋದೆ, ಇಳಿಯಲಿಲ್ಲ. ಮೊಣಕಾಲು ನೋವು ಹೆಚ್ಚಾದ ಮೇಲೆ ಅವರು ಮನೆಯಲ್ಲಿ ಉಳಿದರು. ಈಗ ಮಗನೇ ಮೇಸ್ತ್ರಿ.

ನಮ್ಮ ಆಫೀಸು ಕುಮಟೆಗೆ ಬಂತು. ಗ್ರಾಫ್ ಹಾಳೆ ಹೋಗಿ ಕಂಪ್ಯೂಟರು ಬಂತು. ಪಟ್ಟಿಗಳನ್ನು ಈಗ ರಬ್ಬರಿನಿಂದ ಅಳಿಸಬೇಕಿಲ್ಲ, ಒಂದನ್ನು ಸರಿಸಿದರೆ ಉಳಿದವು ತಾವೇ ಸರಿಯುತ್ತವೆ. ಅದರ ಮುಂದೆ ಕೂರುವ ಹುಡುಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೇಳಿದಳು. "ಸರ್, ಸ್ಲಾಬಿಗೆ ಮುಂಚೆ ಹತ್ತು ದಿನ ಎಂತದೂ ಇಲ್ಲ ಇಲ್ಲಿ. ತೆಗೀಲಾ?"

"ಇರ್ಲಿ" ಎಂದೆ.

ಲಾರಿ ತಡವಾದರೂ, ಹೊಯ್ಗೆ ಸಿಗದಿದ್ದರೂ ಆ ಹತ್ತು ದಿನವನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಗುತ್ತಿಗೆದಾರರು ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ.

ಸ್ಲಾಬಿನ ದಿನ ಮೊಬೈಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓರೆ ಏಣಿಯ ಬುಡದಲ್ಲಿ ನಿಲ್ಲುತ್ತೇನೆ; ಹಿರೇಗುತ್ತಿಯ ಮನೆಯವರಲ್ಲಿ ಇರುವುದು ಅದೇ ನಂಬರು. ಮೊನ್ನೆ ಕುಮಟೆಯಲ್ಲಿ ಒಂದು ಸ್ಲಾಬು ಅರ್ಧ ಆಗಿತ್ತು, ಮೊಬೈಲು ಹೊಡೆದುಕೊಂಡಿತು. ಮೇಸ್ತ್ರಿಯ ಮಗ ಮೇಲೆ ಮೊಣಕಾಲೂರಿ ಮಟ್ಟ ಎಳೆಯುತ್ತಿದ್ದವನು ಹಾಗೇ ನಿಂತ. ಹಲಗೆ ಅವನ ಕೈಯಲ್ಲೇ ಇತ್ತು. ಮಿಕ್ಸರು ತಿರುಗುತ್ತಲೇ ಇತ್ತು. ನಾನು ಕಿವಿಗಿಟ್ಟು ಕೇಳಿದೆ, ಮೇಲೆ ನೋಡಿ ಕೂಗಿದೆ.

"ಹೊಯ್ಗೆ ಲಾರಿಯವ!"

"ಆತು ಸಾರ್" ಎಂದ. ಹಲಗೆ ಎಳೆಯತೊಡಗಿದ.